ಹಲ್ಲಿನ ಮೇಲಿನ ಕಂದು ಗೆರೆ ಹೇಳುವುದೇನು?



ವೈದ್ಯಕೀಯ ಸಂಶೋಧನೆ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಬಿಳಿ ಕೋಟು, ಸೂಕ್ಷ್ಮದರ್ಶಕ, ದೊಡ್ಡ ನಗರದ ದೊಡ್ಡ ಆಸ್ಪತ್ರೆ, ಅಲ್ಲವೇ? ಅವೆಲ್ಲ ಬೇಕು, ನಿಜ. ಆದರೆ ಎಷ್ಟೋ ಸಂಶೋಧನೆಗಳು ಶುರುವಾದದ್ದು ಒಂದು ಸರಳ ಪ್ರಶ್ನೆಯಿಂದ: "ಈ ಊರಿನವರಿಗೆ ಹೀಗಾಗಿದೆ, ಪಕ್ಕದ ಊರಿನವರಿಗೆ ಏಕೆ ಆಗಿಲ್ಲ?"

ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಮಕ್ಕಳಾದ ನಮಗೆ ಬಹಳ ಹತ್ತಿರವಾದ ಅಂಥದೊಂದು ಪ್ರಶ್ನೆ ಇದೆ. ನಮ್ಮ ಕೆಲವು ಹಳ್ಳಿಗಳಲ್ಲಿ ಮಕ್ಕಳ ಮುಂದಿನ ಹಲ್ಲುಗಳ ಮೇಲೆ ಹಳದಿ ಅಥವಾ ಕಂದು ಬಣ್ಣದ ಅಡ್ಡಗೆರೆಗಳು ಕಾಣುತ್ತವೆ. ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. "ಸರಿಯಾಗಿ ಹಲ್ಲುಜ್ಜುವುದಿಲ್ಲ" ಎಂದು ಬೇರೆಯವರು ಹೀಯಾಳಿಸುವುದೂ ಉಂಟು. ಆ ಮಾತು ನಿಜವೇ? ಬನ್ನಿ, ವಿಜ್ಞಾನಿಗಳು ಈ ಗುಟ್ಟನ್ನು ಹೇಗೆ ಬಿಡಿಸಿದರು ಎಂದು ತಿಳಿಯೋಣ.

ಮೂವತ್ತು ವರ್ಷಗಳ ಹುಡುಕಾಟ

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಬಂದ. ಅಲ್ಲಿಯ ಅನೇಕರ ಹಲ್ಲುಗಳ ಮೇಲೆ ಕಂದು ಕಲೆಗಳಿದ್ದವು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಜಿ. ವಿ. ಬ್ಲ್ಯಾಕ್ ಎಂಬ ಪ್ರಸಿದ್ಧ ದಂತವಿಜ್ಞಾನಿ ಆತನ ಜೊತೆಗೂಡಿದರು. ಇಬ್ಬರೂ ಅಲ್ಲಿಯವರ ಹಲ್ಲುಗಳನ್ನು ಅಧ್ಯಯನ ಮಾಡಿದರು.

ಅವರಿಗೆ ಒಂದು ವಿಚಿತ್ರ ಸಂಗತಿ ಕಂಡಿತು. ಆ ಊರಿನಲ್ಲೇ ಹುಟ್ಟಿ ಬೆಳೆದವರ ಹಲ್ಲಿನಲ್ಲಿ ಕಲೆ ಇತ್ತು. ದೊಡ್ಡವರಾದ ಮೇಲೆ ಬೇರೆ ಕಡೆಯಿಂದ ಬಂದು ನೆಲೆಸಿದವರ ಹಲ್ಲಿನಲ್ಲಿ ಇರಲಿಲ್ಲ! ಉಜ್ಜದೆ ಬಂದ ಕೊಳೆಯಾಗಿದ್ದರೆ ಎಲ್ಲರಿಗೂ ಬರಬೇಕಿತ್ತು. ಹಾಗಾದರೆ ಕಲೆ ಹೊರಗಿನಿಂದ ಅಂಟಿದ್ದಲ್ಲ, ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ್ದು ಎಂದಾಯಿತು.

ಮೆಕೇಗೆ ನೀರಿನ ಮೇಲೆ ಅನುಮಾನ ಬಂತು. ಓಕ್ಲಿ ಎಂಬ ಇನ್ನೊಂದು ಊರಿನಲ್ಲಿ, ಹೊಸ ಕೊಳವೆಯಲ್ಲಿ ಬುಗ್ಗೆಯ ನೀರು ಬರತೊಡಗಿದ ಮೇಲೆ ಮಕ್ಕಳ ಹಲ್ಲಿಗೆ ಕಲೆ ಬಂದಿತ್ತು. ಆ ನೀರನ್ನು ಬಿಡಿ ಎಂದು ಮೆಕೇ ಸಲಹೆ ಕೊಟ್ಟ. ಊರಿನವರು 1925ರಲ್ಲಿ ಬೇರೆ ಬುಗ್ಗೆಯ ನೀರು ತಂದರು. ಕೆಲವು ವರ್ಷಗಳ ನಂತರ ನೋಡಿದಾಗ, ಹೊಸ ನೀರು ಕುಡಿದು ಬೆಳೆದ ಚಿಕ್ಕ ಮಕ್ಕಳಿಗೆ ಬಂದ ಹಲ್ಲುಗಳು ಶುಭ್ರವಾಗಿದ್ದವು.

ಆದರೆ ನೀರಿನಲ್ಲಿ ಇದ್ದದ್ದಾದರೂ ಏನು? ಉತ್ತರ ಸಿಕ್ಕಿದ್ದು 1931ರಲ್ಲಿ. ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞ ಅಂಥ ಊರುಗಳ ನೀರನ್ನು ಸೂಕ್ಷ್ಮ ಉಪಕರಣದಿಂದ ಪರೀಕ್ಷಿಸಿದಾಗ ಫ್ಲೋರೈಡ್ ಹೆಚ್ಚಾಗಿರುವುದು ತಿಳಿಯಿತು. ಒಂದು ಕಲೆಯ ಕಾರಣ ತಿಳಿಯಲು 30 ವರ್ಷ ಬೇಕಾಯಿತು ನೋಡಿ!

ನಮ್ಮ ನೆರೆಯಲ್ಲೇ ಕಂಡ ಕಾಯಿಲೆ

ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿ 1937ರಲ್ಲಿ ಬಂತು. ಅದು ಬಂದದ್ದು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ, ಅಂದರೆ ಈಗಿನ ಆಂಧ್ರಪ್ರದೇಶದಿಂದ. ಡಾ. ಶಾರ್ಟ್ ಮತ್ತು ಸಂಗಡಿಗರು ಅಲ್ಲಿ ಹಲ್ಲಿನ ಕಲೆಯನ್ನಷ್ಟೇ ಅಲ್ಲ, ಬೆನ್ನು ಮತ್ತು ಕೀಲುಗಳು ಬಿಗಿದು ಬಗ್ಗಲಾರದ ಜನರನ್ನೂ ಕಂಡರು. ಈ ಕಾಯಿಲೆಗೆ ಫ್ಲೋರೋಸಿಸ್ ಎಂದು ಹೆಸರು. ಹಲ್ಲಿಗೆ ಬಂದರೆ ದಂತ ಫ್ಲೋರೋಸಿಸ್, ಮೂಳೆಗೆ ಬಂದರೆ ಮೂಳೆ ಫ್ಲೋರೋಸಿಸ್.

ನಮ್ಮಲ್ಲಿ ಇದು ಏಕಿದೆ? ಮಧುಗಿರಿ ಬೆಟ್ಟವನ್ನು ನೋಡಿದ್ದೀರಲ್ಲ? ಅಂಥ ಗಟ್ಟಿ ಕಲ್ಲೇ ನಮ್ಮ ನೆಲದ ಕೆಳಗೂ ಹಬ್ಬಿದೆ. ಈ ಬಂಡೆಗಳಲ್ಲಿ ಅಭ್ರಕ, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಿದ್ದು, ಅವುಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕುಗಳಲ್ಲಿ ನೀರು ಬಹಳ ಕಾಲ ನಿಂತರೆ ಫ್ಲೋರೈಡ್ ನಿಧಾನವಾಗಿ ಅದರಲ್ಲಿ ಕರಗುತ್ತದೆ. ನಮ್ಮದು ಮಳೆ ಕಡಿಮೆ ಇರುವ ಸೀಮೆ. ಕೆರೆ, ತೆರೆದ ಬಾವಿ ಬತ್ತಿದಂತೆ ನಾವು ಕೊಳವೆಬಾವಿಗಳನ್ನು ಆಳಕ್ಕೆ, ಇನ್ನೂ ಆಳಕ್ಕೆ ಕೊರೆಯುತ್ತಾ ಹೋದೆವು. ಬಹಳ ಕಾಲ ಬಂಡೆಯೊಳಗಿದ್ದ ನೀರು ನಮ್ಮ ಬಿಂದಿಗೆಗೆ ಬಂತು. ತುಂಗಭದ್ರಾ ಹಿನ್ನೀರನ್ನು ಪಾವಗಡ ತಾಲ್ಲೂಕಿಗೆ ಕುಡಿಯಲು ತರುವ ಯೋಜನೆ ಹುಟ್ಟಿದ್ದಕ್ಕೆ ಈ ಫ್ಲೋರೈಡ್ ಕೂಡ ಒಂದು ಕಾರಣ.

ಒಂದು ಮಾತು ನೆನಪಿಡಿ. ಎಲ್ಲ ಕೊಳವೆಬಾವಿಗಳ ನೀರೂ ಹೀಗಿರುವುದಿಲ್ಲ. ಒಂದೇ ಊರಿನ ಎರಡು ಕೊಳವೆಬಾವಿಗಳಲ್ಲೇ ವ್ಯತ್ಯಾಸ ಇರಬಹುದು. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಿಳಿಯಾದ ನೀರು ಎಂದರೆ ಒಳ್ಳೆಯ ನೀರು ಎಂದಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು.

ಎಷ್ಟಿದ್ದರೆ ಸರಿ, ಎಷ್ಟಾದರೆ ಹೆಚ್ಚು?

ಫ್ಲೋರೈಡ್ ಪೂರ್ತಿ ಶತ್ರುವಲ್ಲ. ಅಲ್ಪ ಪ್ರಮಾಣದಲ್ಲಿ ಅದು ಹಲ್ಲಿನ ಹುಳುಕನ್ನು ತಡೆಯುತ್ತದೆ. ಅದಕ್ಕೇ ಅನೇಕ ಟೂತ್‌ಪೇಸ್ಟುಗಳಲ್ಲಿ ಅದು ಇರುತ್ತದೆ. ಮಾತೆಲ್ಲ ಪ್ರಮಾಣದ್ದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದಿದ್ದರೆ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿಯೂ 1.5 ಮಿಲಿಗ್ರಾಂ.

ಒಂದು ಲೀಟರ್ ನೀರಿನ ತೂಕ ಸುಮಾರು 10 ಲಕ್ಷ ಮಿಲಿಗ್ರಾಂ. ಅದರಲ್ಲಿ 1 ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು! ಈಗ ಲೆಕ್ಕ ಮಾಡಿ. ಒಂದು ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದುಕೊಳ್ಳೋಣ. ದಿನಕ್ಕೆ 2 ಲೀಟರ್ ಕುಡಿದರೆ ಎಷ್ಟು ಒಳಗೆ ಹೋಯಿತು? ಅದೇ ನೀರಿನಲ್ಲಿ ಮುದ್ದೆ ತೊಳಸಿ ಸಾರು ಕಾಯಿಸಿದರೆ ಇನ್ನಷ್ಟು ಸೇರುತ್ತದೆ, ಅಲ್ಲವೇ?

ದೇಹದೊಳಗೆ ಏನಾಗುತ್ತದೆ?

ನಿಮ್ಮ ಶಾಶ್ವತ ಹಲ್ಲುಗಳು ಬಾಯಲ್ಲಿ ಕಾಣುವ ಎಷ್ಟೋ ವರ್ಷ ಮೊದಲೇ ವಸಡಿನ ಒಳಗೆ ತಯಾರಾಗುತ್ತಿರುತ್ತವೆ. ಹಲ್ಲಿನ ಹೊರಗಿನ ಹೊಳೆಯುವ ಗಟ್ಟಿ ಪದರಕ್ಕೆ ಎನಾಮಲ್ ಎಂದು ಹೆಸರು. ಅದನ್ನು ಕಟ್ಟುವ ಜೀವಕೋಶಗಳ ಕೆಲಸವನ್ನು ಹೆಚ್ಚಾದ ಫ್ಲೋರೈಡ್ ಕೆಡಿಸುತ್ತದೆ. ಗಾರೆ ಕೆಲಸದವರು ಗೋಡೆಗೆ ಗಾರೆ ಬಳಿಯುವಾಗ ನಡುವೆ ಅಡ್ಡಿಯಾದರೆ ಗೋಡೆ ನುಣುಪಾಗಿ ಬರುತ್ತದೆಯೇ? ಹಾಗೆಯೇ ಎನಾಮಲ್‌ನಲ್ಲೂ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು.

ಸುಮಾರು 8 ವರ್ಷದ ಹೊತ್ತಿಗೆ ಮುಂದಿನ ಹಲ್ಲುಗಳ ಎನಾಮಲ್ ಕಟ್ಟಿ ಮುಗಿದಿರುತ್ತದೆ. ಆಮೇಲೆ ಅವುಗಳಿಗೆ ಹೊಸದಾಗಿ ಈ ಕಲೆ ಬಾರದು. ಆದರೆ ಮೊದಲೇ ಬಂದ ಕಲೆ ಉಜ್ಜಿದರೆ ಹೋಗುವುದೂ ಇಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ, ಅಷ್ಟೆ. ಈಗ ಹೇಳಿ, ಕಲೆ ಇರುವ ಗೆಳೆಯನನ್ನು "ಹಲ್ಲುಜ್ಜದವನು" ಎನ್ನುವುದು ಸರಿಯೇ? ಇದು ಅಂಟುರೋಗವೂ ಅಲ್ಲ. ಪಕ್ಕದಲ್ಲಿ ಕುಳಿತರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ.

ದೇಹ ಸೇರಿದ ಫ್ಲೋರೈಡ್‌ನಲ್ಲಿ ಒಂದು ಭಾಗ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಮೂಳೆಯಲ್ಲಿ ಸೇರುತ್ತದೆ. ಬೆಳೆಯುವ ಮಕ್ಕಳ ಮೂಳೆ ದೊಡ್ಡವರ ಮೂಳೆಗಿಂತ ಹೆಚ್ಚಾಗಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಹಳ ವರ್ಷ ಬಹಳ ಫ್ಲೋರೈಡ್ ಸೇರಿದರೆ ಕುತ್ತಿಗೆ, ಬೆನ್ನು, ಮಂಡಿಗಳು ನೋಯತೊಡಗಿ ಕ್ರಮೇಣ ಬಿಗಿದುಕೊಳ್ಳುತ್ತವೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಡಾ. ಕೃಷ್ಣಮಾಚಾರಿ ಮತ್ತು ಡಾ. ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಇನ್ನೊಂದು ವಿಷಯ ತಿಳಿಸಿದರು. ಫ್ಲೋರೋಸಿಸ್ ಇರುವ ಪ್ರದೇಶದಲ್ಲಿ ಕೆಲವರ ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲುಗಳು ಬಾಗಿದ್ದವು. ಅಲ್ಲಿಂದೀಚೆಗೆ ನಡೆದ ಅಧ್ಯಯನಗಳಿಂದ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಫ್ಲೋರೈಡ್‌ನ ಹಾನಿ ಹೆಚ್ಚು ಎಂಬುದು ಸ್ಪಷ್ಟವಾಗುತ್ತಾ ಬಂತು.

ಹುಣಸೆಹಣ್ಣಿನ ಪ್ರಯೋಗ

ನಮ್ಮ ಜಿಲ್ಲೆಯಲ್ಲಿ ಹುಣಸೆಗೇನು ಕೊರತೆ! ಅದೇ ಹುಣಸೆಯ ಮೇಲೆ ನಡೆದ ಒಂದು ಪ್ರಯೋಗವನ್ನು ಕೇಳಿ. ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ಹೈದರಾಬಾದಿನ ಒಂದು ಸಮಾಜ ಕಲ್ಯಾಣ ವಿದ್ಯಾರ್ಥಿನಿಲಯದಲ್ಲಿ ಇದನ್ನು ನಡೆಸಿ, 2002ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಾದ 20 ಹುಡುಗರು ಸೇರಿದರು, ಕೊನೆಯವರೆಗೂ ಉಳಿದವರು 18. ಮೊದಲು 10 ದಿನ ಎಲ್ಲರನ್ನೂ ಗೊತ್ತಾದ ಊಟಕ್ಕೆ ಒಗ್ಗಿಸಿದರು. ನಂತರ 18 ದಿನ ಮಧ್ಯಾಹ್ನದ ಊಟದ ಜೊತೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟರು. ಮೂತ್ರದಲ್ಲಿ ಎಷ್ಟು ಫ್ಲೋರೈಡ್ ಹೊರಹೋಗುತ್ತದೆ ಎಂದು ಅಳೆದರು.

ಹುಣಸೆ ಇಲ್ಲದ ಊಟದಲ್ಲಿ ದಿನಕ್ಕೆ ಸರಾಸರಿ 3.5 ಮಿಲಿಗ್ರಾಂ ಹೊರಹೋಗುತ್ತಿತ್ತು. ಹುಣಸೆ ಇದ್ದಾಗ 4.8 ಮಿಲಿಗ್ರಾಂ! ಎಂದರೆ ದೇಹ ದಿನಕ್ಕೆ ಎಷ್ಟು ಹೆಚ್ಚು ಫ್ಲೋರೈಡನ್ನು ಹೊರಹಾಕಿತು? ಕಳೆದು ನೋಡಿ.

ಹಾಗಾದರೆ ಹುಣಸೆಹಣ್ಣು ಫ್ಲೋರೋಸಿಸ್‌ಗೆ ಔಷಧ ಎನ್ನೋಣವೇ? ಅವಸರ ಬೇಡ. ಒಳ್ಳೆಯ ಸಂಶೋಧಕ ಇಲ್ಲಿಯೇ ನಿಂತು ಯೋಚಿಸುತ್ತಾನೆ. ನೋಡಿದ್ದು 18 ಹುಡುಗರನ್ನು, ಅದೂ ಕೆಲವೇ ದಿನ. ಮೂತ್ರದಲ್ಲಿ ಹೋಗುವ ಮೆಗ್ನೀಸಿಯಂ ಮತ್ತು ಸತುವಿನ ಪ್ರಮಾಣವೂ ಬದಲಾಗಿತ್ತು. ಹಲ್ಲಿನ ಕಲೆ ಹೋಯಿತು ಎಂದು ಅವರು ಹೇಳಲೇ ಇಲ್ಲ. ಕಾಯಿಲೆ ಮುಂದುವರಿಯುವುದನ್ನು ಹುಣಸೆ ನಿಧಾನಗೊಳಿಸಬಹುದು ಎಂದಷ್ಟೇ ಹೇಳಿದರು. ಕಂಡಷ್ಟನ್ನೇ ಹೇಳುವುದು, ಕಾಣದ್ದನ್ನು ಸೇರಿಸದಿರುವುದು ಸಂಶೋಧನೆಯ ಮೊದಲ ಪಾಠ.

ಇತ್ತೀಚಿನ ಒಂದು ಪ್ರಶ್ನೆ

ಹೆಚ್ಚಾದ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಬಿಟ್ಟು ಬೇರೇನನ್ನಾದರೂ ತಟ್ಟುತ್ತದೆಯೇ? 2024ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವುದಕ್ಕೂ ಮಕ್ಕಳ ಬುದ್ಧಿಪರೀಕ್ಷೆಯ ಅಂಕ ಕಡಿಮೆ ಇರುವುದಕ್ಕೂ ಸಂಬಂಧವಿದೆ ಎಂದು "ಮಧ್ಯಮ ವಿಶ್ವಾಸ"ದಿಂದ ಹೇಳಿತು. ಇದು ಗುಂಪಿನ ಲೆಕ್ಕ. ಒಬ್ಬ ಹುಡುಗ ಅಥವಾ ಹುಡುಗಿಯ ಹಲ್ಲು ನೋಡಿ ಜಾಣತನ ಅಳೆಯಲು ಇದರಿಂದ ಸಾಧ್ಯವಿಲ್ಲ. ಆದರೆ ಮಕ್ಕಳಿಗೆ ಒಳ್ಳೆಯ ನೀರು ಕೊಡಲು ಇನ್ನೊಂದು ಬಲವಾದ ಕಾರಣ ಸಿಕ್ಕಿತು.

ನಾವೇನು ಮಾಡಬಹುದು?

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಇನ್ನೂ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕ ನಿಮ್ಮೂರಲ್ಲಿ ಇರಬಹುದು. ಅದರ ಒಳಗಿನ ಸೂಕ್ಷ್ಮ ಪೊರೆ ಫ್ಲೋರೈಡನ್ನು ತಡೆಯುತ್ತದೆ. ಆದರೆ ಪೊರೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಮಳೆನೀರನ್ನು ಶುಚಿಯಾಗಿ ಹಿಡಿದಿಟ್ಟರೆ ಅದರಲ್ಲಿ ಫ್ಲೋರೈಡ್ ಬಹಳ ಕಡಿಮೆ.

ಅನೇಕರು ಕುಡಿಯಲು ಮಾತ್ರ ಘಟಕದ ನೀರು ತಂದು, ಅಡುಗೆಗೆ ಕೊಳವೆಬಾವಿಯ ನೀರನ್ನೇ ಬಳಸುತ್ತಾರೆ. ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಅಡುಗೆಗೂ ಒಳ್ಳೆಯ ನೀರೇ ಬೇಕು. ಮೈ ತೊಳೆಯಲು, ಬಟ್ಟೆ ಒಗೆಯಲು ಕೊಳವೆಬಾವಿಯ ನೀರು ಸಾಕು.

ಇನ್ನು ಊಟ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಸ್ವಲ್ಪ ಫ್ಲೋರೈಡನ್ನು ಹಿಡಿದು, ಅದು ರಕ್ತ ಸೇರುವುದನ್ನು ಕಡಿಮೆ ಮಾಡುತ್ತದೆ. ಮುದ್ದೆ, ಹಾಲು, ಮಜ್ಜಿಗೆ, ಸೊಪ್ಪಿನ ಸಾರು ಬಿಡಬೇಡಿ. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ಆದರೆ ನೆನಪಿಡಿ, ಊಟ ನೆರವಾಗುತ್ತದೆ, ನೀರಿನ ಬದಲಿಗೆ ನಿಲ್ಲಲಾರದು.

ನೀವೇ ಮಾಡಿ ನೋಡಿ

ನಿಮ್ಮ ಊರಿನ ನಕ್ಷೆ ಬರೆಯಿರಿ. ಕುಡಿಯುವ ನೀರಿನ ಕೊಳವೆಬಾವಿ, ತೊಂಬೆ, ಶುದ್ಧ ನೀರಿನ ಘಟಕಗಳನ್ನು ಗುರುತಿಸಿ. ಗುರುಗಳ ಜೊತೆ ಗ್ರಾಮ ಪಂಚಾಯಿತಿಗೆ ಹೋಗಿ, ಪ್ರತಿಯೊಂದರ ನೀರಿನ ಪರೀಕ್ಷಾ ವರದಿ ಕೇಳಿ, ಫ್ಲೋರೈಡ್ ಎಷ್ಟಿದೆ ಎಂದು ನಕ್ಷೆಯಲ್ಲಿ ಬರೆಯಿರಿ. 1ರ ಒಳಗಿದ್ದರೆ ಹಸಿರು, 1ರಿಂದ 1.5 ಇದ್ದರೆ ಹಳದಿ, ಅದಕ್ಕಿಂತ ಹೆಚ್ಚಿದ್ದರೆ ಕೆಂಪು ಬಣ್ಣ ಹಾಕಿ. ಪರೀಕ್ಷಾ ಕಿಟ್ಟಿನ ದ್ರಾವಣಗಳಲ್ಲಿ ಆಮ್ಲ ಇರುವುದರಿಂದ ನೀವಾಗಿ ಮುಟ್ಟಬೇಡಿ, ದೊಡ್ಡವರು ಮಾಡುವಾಗ ಬಣ್ಣ ಬದಲಾಗುವುದನ್ನು ನೋಡಿ.

ನಕ್ಷೆ ಮುಗಿದ ಮೇಲೆ ಶಾಲೆಯ ಗೋಡೆಗೆ ಹಾಕಿ, ಮನೆಯಲ್ಲೂ ವಿವರಿಸಿ. ಈ ಲೇಖನ ಓದುವ ನಿಮ್ಮಲ್ಲಿ ಬಹಳಷ್ಟು ಜನರ ಮುಂದಿನ ಹಲ್ಲುಗಳು ಆಗಲೇ ಕಟ್ಟಿ ಮುಗಿದಿವೆ. ಮೂಳೆಗಳಿಗಾಗಿ ನಿಮಗೂ ಒಳ್ಳೆಯ ನೀರು ಬೇಕೇ ಬೇಕು. ಆದರೆ ಅಂಗನವಾಡಿಗೆ ಹೋಗುವ ನಿಮ್ಮ ತಮ್ಮ, ತಂಗಿಯರ ಹಲ್ಲುಗಳು ಈಗ ವಸಡಿನೊಳಗೆ ತಯಾರಾಗುತ್ತಿವೆ. ಇಂದು ಅವರ ಲೋಟಕ್ಕೆ ಯಾವ ನೀರು ಬೀಳುತ್ತದೆ ಎಂಬುದನ್ನು ನೋಡಿಕೊಳ್ಳುವುದು ನಿಮ್ಮಿಂದ ಆಗುವ ಕೆಲಸ.