ಮುಂದಿನ ತಿಂಗಳು ಎಷ್ಟ್ ಹೋಗತಾವ್ರಿ?

ವಿಜಯಪುರದ ರೈಲು ನಿಲ್ದಾಣದಿಂದ ಹೊರಬಿದ್ದು ಸ್ಟೇಷನ್ ರಸ್ತೆ ಹಿಡಿದರೆ ಮೊದಲು ಕಣ್ಣು ತುಂಬುವುದು ಗೋಳಗುಮ್ಮಟ. ಅಲ್ಲಿಂದ ಪೇಟೆಯ ಕಡೆ ಸರಿದಂತೆ ಮೊಬೈಲು, ಟಿ.ವಿ., ಕಂಪ್ಯೂಟರ್ ಸಾಮಾನು ಮಾರುವವರು ಸಿಗುತ್ತಾರೆ. ಅಂಥ ಅಂಗಡಿಯಲ್ಲಿ ನಿಂತು, ‘ಗೇಮ್ ಕನ್ಸೋಲು, ಕಂಟ್ರೋಲರು ಮುಂದಿನ ತಿಂಗಳು ಎಷ್ಟು ಹೋಗಬಹುದು?’ ಎಂದು ಕೇಳಿ ನೋಡಿ. ‘ಹುಡುಗೂರ ಮನಸ್ಸಿನ ಮ್ಯಾಲ ಹೋಗೂ ಮಾಲ್ ಅದು, ಅದಕ್ಕೇನ್ ಲೆಕ್ಕ ಹಚ್ಚತೀರಿ’ ಅನ್ನುತ್ತಾರೆ ಮಾಲೀಕರು. ಬೆಂಗಳೂರಿನಲ್ಲಿ ಓದಿ ಬಂದ ಅವರ ಮಗ ಪಕ್ಕದಿಂದಲೇ, ‘ಈಗ ಎಲ್ಲಾ ಕಂಪ್ಯೂಟರ್ ಹೇಳತದ’ ಅನ್ನುತ್ತಾನೆ. ಇಬ್ಬರದೂ ತಪ್ಪು. ಅಪ್ಪನ ತಪ್ಪು ಸಣ್ಣದು, ಮಗನದು ದುಬಾರಿಯದು ಎಂಬುದು ನನ್ನ ಅಭಿಪ್ರಾಯ.

‘ಅಂದಾಜು ಅಂದರೆ ಭವಿಷ್ಯ ಹೇಳೋದು’

ನಮ್ಮ ಭಾಗಕ್ಕೆ ಮುನ್ಸೂಚನೆ ಹೊಸದಲ್ಲ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದೆ ಬಂತು ಎಂಬುದರ ಮೇಲೆ ಆ ವರ್ಷ ಮುಂಗಾರಿ ಚಲೋದೋ ಹಿಂಗಾರಿ ಚಲೋದೋ ಎಂದು ಊರು ಮಾತಾಡಿಕೊಳ್ಳುತ್ತದೆ. ಮೈಲಾರದ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ. ಅರ್ಥ ಹಚ್ಚುವ ಕೆಲಸ ಕೇಳಿದವರದು. ಇವೆರಡರ ನಡುವಿನ ಅಂತರ ವ್ಯಾಪಾರಿಗೆ ತಿಳಿದಿರಬೇಕು. ಕಾರಣಿಕವನ್ನು ಯಾವ ವರ್ಷಕ್ಕೂ ಹೊಂದಿಸಬಹುದು, ಅದು ಸುಳ್ಳಾಗುವ ದಾರಿಯೇ ಇಲ್ಲ. ಕರಿಯ ಮಾತು ಸುಳ್ಳಾಗಬಹುದು, ಸುಗ್ಗಿಯ ಹೊತ್ತಿಗೆ ಕಣವೇ ಹೇಳಿಬಿಡುತ್ತದೆ. ಆದರೆ ಕಳೆದ ಇಪ್ಪತ್ತು ವರ್ಷದಲ್ಲಿ ಎತ್ತು ಎಷ್ಟು ಸಲ ಸರಿ ಹೇಳಿತು ಎಂದು ಬರೆದಿಟ್ಟವರು ಯಾರು?

ಮಾರಾಟದ ಅಂದಾಜಿಗೂ ಭವಿಷ್ಯಕ್ಕೂ ಇರುವ ವ್ಯತ್ಯಾಸ ಆ ಬರೆದಿಡುವ ಪುಸ್ತಕದ್ದು. ಅಮೆರಿಕದಲ್ಲಿ ಎನ್‌ಪಿಡಿ ಎಂಬ ಸಂಸ್ಥೆ ಅಂಗಡಿಗಳ ಮಾರಾಟದ ಲೆಕ್ಕ ಕೂಡಿಸಿ, ವಿಡಿಯೋ ಗೇಮ್ ವ್ಯಾಪಾರದ ವರದಿಯನ್ನು ತಿಂಗಳಿಗೊಮ್ಮೆ ಹೊರತರುತ್ತ ಬಂದಿದೆ. 2023ರಿಂದ ಅದರ ಹೆಸರು ಸರ್ಕಾನಾ. ವರದಿ ಬರುವ ಮೊದಲೇ ವೆಡ್‌ಬುಷ್ ಸಂಸ್ಥೆಯ ಮೈಕೆಲ್ ಪ್ಯಾಕ್ಟರ್ ಅವರಂಥ ವಿಶ್ಲೇಷಕರು ತಮ್ಮ ಅಂಕಿ ಪ್ರಕಟಿಸುತ್ತಿದ್ದರು, ವರದಿ ಬಂದ ದಿನ ಎಷ್ಟು ತಪ್ಪಿದೆವು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ತಪ್ಪು ಕಾಣುವಂತೆ ಮಾತಾಡುವುದೇ ಈ ಕಸುಬಿನ ಮರ್ಯಾದೆ.

ತಪ್ಪುವುದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. 2014ರ ಮಾರ್ಚಿಗೆ ಮುಗಿಯುವ ವರ್ಷದಲ್ಲಿ 90 ಲಕ್ಷ ವೀ ಯು ಕನ್ಸೋಲ್ ಮಾರುತ್ತೇವೆ ಎಂದಿದ್ದ ಜಪಾನಿನ ನಿಂಟೆಂಡೊ, ಜನವರಿಯಲ್ಲಿ ಅದನ್ನು 28 ಲಕ್ಷಕ್ಕೆ ಇಳಿಸಿತು. ಅಷ್ಟೂ ಹೋಗಲಿಲ್ಲ. ನಾಲ್ಕು ವರ್ಷದ ಮೇಲೆ ಅದೇ ಕಂಪನಿ ಸ್ವಿಚ್ ಕನ್ಸೋಲಿಗೆ 1 ಕೋಟಿಯ ಅಂದಾಜು ಕಟ್ಟಿದರೆ ಒಂದೂವರೆ ಕೋಟಿ ದಾಟಿತು. ತನ್ನದೇ ಕಾರ್ಖಾನೆ, ತನ್ನದೇ ಮಾಲು, ತನ್ನದೇ ಲೆಕ್ಕ. ಹಾಗಾಗಿ ‘12 ಪೀಸು ಹೋಗತಾವ’ ಅನ್ನುವುದಕ್ಕಿಂತ ‘8ರಿಂದ 16’ ಅನ್ನುವವನ ಮಾತು ನಂಬಲು ಯೋಗ್ಯ. ಅವನು ಹೆದರಿ ಹೇಳುತ್ತಿಲ್ಲ, ತನಗೆ ಗೊತ್ತಿರುವಷ್ಟನ್ನೇ ಹೇಳುತ್ತಿದ್ದಾನೆ.

‘ತಿಂಗಳು ಅಂದರೆ ತಿಂಗಳು, ಅದರಾಗೇನದ?’

ಎಲ್ಲ ಇರುವುದು ಅದರಲ್ಲೇ. ಅಂದಾಜು ಕೆಡುವುದು ಬಹಳ ಸಲ ಗಿರಾಕಿಯಿಂದಲ್ಲ, ಕ್ಯಾಲೆಂಡರಿನಿಂದ.

ಅಮೆರಿಕದ ಚಿಲ್ಲರೆ ವ್ಯಾಪಾರಿಗಳು ಜನವರಿ-ಫೆಬ್ರವರಿಯ ತಾರೀಖುಗಳನ್ನು ನಂಬುವುದಿಲ್ಲ. ಅವರ ವ್ಯಾಪಾರಿ ತಿಂಗಳಿಗೆ ನಾಲ್ಕು ವಾರ, ಐದು ವಾರ, ಮತ್ತೆ ನಾಲ್ಕು ವಾರ ಎಂಬ ಲೆಕ್ಕ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಐದು ವಾರದವು. ವಾರವೆಂದರೆ ಶನಿವಾರ-ಭಾನುವಾರ, ವಾರಾಂತ್ಯವೆಂದರೆ ಗಲ್ಲೆ. ಒಂದು ಭಾನುವಾರ ಹೆಚ್ಚಾದರೆ ಲೆಕ್ಕವೇ ಬದಲಾಗುತ್ತದೆ. ಇದನ್ನರಿಯದ ಪತ್ರಿಕೆಯವರು ನವೆಂಬರಿಗಿಂತ ಡಿಸೆಂಬರ್ ಇಷ್ಟು ಪಾಲು ಹೆಚ್ಚು ಎಂದು ತಲೆಬರಹ ಕೊಡುತ್ತಾರೆ. ಅದರಲ್ಲಿ ಕ್ರಿಸ್‌ಮಸ್ ಎಷ್ಟು, ಐದನೆಯ ವಾರ ಎಷ್ಟು ಎಂದು ಬೇರ್ಪಡಿಸುವುದಿಲ್ಲ. ಐವತ್ತೆರಡು ವಾರಕ್ಕೆ 364 ದಿನ, ವರ್ಷಕ್ಕೊಂದೆರಡು ದಿನ ಉಳಿಯುತ್ತ ಹೋಗಿ ಐದಾರು ವರ್ಷಕ್ಕೊಮ್ಮೆ 53ನೆಯ ವಾರ ಸೇರಿಸಬೇಕಾಗುತ್ತದೆ. 2024ರ ಫೆಬ್ರವರಿ 3ಕ್ಕೆ ಮುಗಿದ ವ್ಯಾಪಾರಿ ವರ್ಷ ಹಾಗೆ ಹಿಗ್ಗಿದ ವರ್ಷ.

ಇದನ್ನು ಕೇಳಿ ನಮ್ಮ ಅಜ್ಜಂದಿರು ನಗುತ್ತಿದ್ದರೇನೋ. ಚಾಂದ್ರಮಾನ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ. ಉಳಿದ ದಿನ ಕೂಡಿಸಿ ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಇಡುವ ಪದ್ಧತಿ ಪಂಚಾಂಗದಲ್ಲಿ ಎಂದಿನಿಂದಲೋ ಇದೆ. ತೊಂದರೆ ಎಲ್ಲಿ ಎಂದರೆ, ಅಂಗಡಿಯವರು ಖರೀದಿ ಮಾಡುವುದು ಪಂಚಾಂಗ ನೋಡಿ, ಲೆಕ್ಕ ಬರೆಯುವುದು ಇಂಗ್ಲಿಷ್ ತಿಂಗಳಿಗೆ.

2022ರಲ್ಲಿ ದೀಪಾವಳಿ ಲಕ್ಷ್ಮೀಪೂಜೆ ಅಕ್ಟೋಬರ್ 24ಕ್ಕೆ ಬಂತು. 2023ರಲ್ಲಿ ಅಧಿಕ ಶ್ರಾವಣ ಬಿದ್ದ ಕಾರಣ ಅದು ನವೆಂಬರ್ 12ಕ್ಕೆ ಹಾರಿತು. 2025ರಲ್ಲಿ ಮತ್ತೆ ಅಕ್ಟೋಬರಿನಲ್ಲೇ ಮುಗಿಯಿತು. ಈಗ ಜಿ.ಎಸ್.ಟಿ. ರಿಟರ್ನ್ ತೆಗೆದು, ‘2022ರ ನವೆಂಬರಿಗಿಂತ 2023ರ ನವೆಂಬರ್ ಭಾರಿ ಬೆಳೀತು’ ಎಂದರೆ ಬೆಳೆದದ್ದು ವ್ಯಾಪಾರವಲ್ಲ, ಹಬ್ಬ ಮನೆ ಬದಲಿಸಿತು ಅಷ್ಟೆ. ಸರಿಯಾದ ಹೋಲಿಕೆ ಎಂದರೆ ಅಮಾವಾಸ್ಯೆಗೆ ಹಿಂದಿನ ಮೂರು ವಾರವನ್ನು ಹೋದ ವರ್ಷದ ಅಮಾವಾಸ್ಯೆಗೆ ಹಿಂದಿನ ಮೂರು ವಾರದೊಡನೆ ಇಟ್ಟು ನೋಡುವುದು. ಅಥವಾ ಅಕ್ಟೋಬರ್-ನವೆಂಬರ್ ಕೂಡಿಸಿ ಒಂದೇ ಮಾಡಿ ನೋಡುವುದು.

ಸಂಕ್ರಾಂತಿಯ ಸ್ವಭಾವವೇ ಬೇರೆ. ಅದು ಸೂರ್ಯನ ಹಬ್ಬ, ಜನವರಿಯ ಮಧ್ಯ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಸಂಕ್ರಾಂತಿಗೇ ನಡೆಯುವ ನಮ್ಮ ಸಿದ್ಧೇಶ್ವರ ಜಾತ್ರೆಯ ದಿನಗಳ ಗಿರಾಕಿಯನ್ನು ವರ್ಷದಿಂದ ವರ್ಷಕ್ಕೆ ನೇರ ಹೋಲಿಸಬಹುದು. ಯಾವ ಕಂಪನಿಯ ಕ್ಯಾಲೆಂಡರಿನಲ್ಲೂ ಈ ಜಾತ್ರೆ ಇರುವುದಿಲ್ಲ, ಸ್ಟೇಷನ್ ರಸ್ತೆಯ ಕ್ಯಾಲೆಂಡರಿನಲ್ಲಿ ಇರಲೇಬೇಕು.

ಇನ್ನು ಮೂರನೆಯ ಕ್ಯಾಲೆಂಡರ್ ತಿಕೋಟಾ, ಬಬಲೇಶ್ವರದ ಕಡೆಯಿಂದ ಬರುತ್ತದೆ: ದ್ರಾಕ್ಷಿಯದು. ಬೇಸಿಗೆ ಏರುವ ಹೊತ್ತಿಗೆ ಗೊನೆ ಕೊಯ್ದು, ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುತ್ತಾರೆ. ಆದರೆ ಮಣೂಕ ಆದ ದಿನವೇ ರೊಕ್ಕ ಆಗುವುದಿಲ್ಲ. ದರ ಬರಲಿ ಎಂದು ಶೀತಲಗೃಹದಲ್ಲಿ ಇಟ್ಟು ಕಾಯುವವರಿದ್ದಾರೆ, ತಾಸಗಾಂವಕ್ಕೆ ಒಯ್ಯುವವರಿದ್ದಾರೆ. ಮಗನಿಗೆ ಕನ್ಸೋಲೋ ದೊಡ್ಡ ಟಿ.ವಿ.ಯೋ ಬರುವುದು ಮಾಲು ತೂಗಿ ಪಟ್ಟಿ ಕೈಗೆ ಬಂದ ಮೇಲೆ. ಏಪ್ರಿಲ್-ಮೇ ಶಾಲೆ ರಜೆ, ಆಟದ ಹಂಗಾಮು ಎಂದು ಬೆಂಗಳೂರಿನಲ್ಲಿ ಕೂತವರು ಬರೆದುಕೊಂಡಿರುತ್ತಾರೆ. ಇಲ್ಲಿ ರಜೆ ಇದ್ದರೂ ದರ ಇಲ್ಲದಿದ್ದರೆ ಗಿರಾಕಿ ‘ನೋಡಿ ಹೇಳತೀನಿ’ ಅಂದು ಹೋಗುತ್ತಾನೆ.

‘ಎರಡೇ ಹೋದವು, ಅಂದ್ರ ಬೇಡಿಕೆ ಇಲ್ಲ’

ಇದು ಅಂಗಡಿಯವರನ್ನು ಹೆಚ್ಚು ನಷ್ಟಕ್ಕೆ ದೂಡುವ ನಂಬಿಕೆ. ಖಾತೆ ಪುಸ್ತಕ ಮಾರಿದ್ದನ್ನು ಹೇಳುತ್ತದೆ, ಕೇಳಿದ್ದನ್ನು ಹೇಳುವುದಿಲ್ಲ.

ಪ್ಲೇಸ್ಟೇಷನ್ 5 ಹೊರದೇಶಗಳಲ್ಲಿ 2020ರ ನವೆಂಬರಿನಲ್ಲಿ ಬಿಡುಗಡೆಯಾಯಿತು. ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ಕ್ಕೆ, ಬೆಲೆ 49,990 ರೂಪಾಯಿ. ಜನವರಿ 12ರ ಮುಂಗಡ ಬುಕಿಂಗ್ ಕೆಲವೇ ನಿಮಿಷದಲ್ಲಿ ಖಾಲಿಯಾಯಿತು. ಚಿಪ್ಪುಗಳ ಕೊರತೆಯ ಆ ದಿನಗಳಲ್ಲಿ ಮುಂದಿನ ಕಂತುಗಳೂ ಹಾಗೇ ಹೋದವು. ಆ ತಿಂಗಳುಗಳ ಮಾರಾಟದ ಅಂಕಿಯನ್ನು ಬೇಡಿಕೆ ಎಂದುಕೊಂಡರೆ ಭಾರತದಲ್ಲಿ ಅದನ್ನು ಕೇಳುವವರೇ ಕಡಿಮೆ ಎಂದಾಗುತ್ತದೆ. ಅದು ಅಳೆದದ್ದು ಹಡಗಿನಲ್ಲಿ ಬಂದ ಪೆಟ್ಟಿಗೆಗಳನ್ನು. ಬಾವಿಯ ನೀರು ಎಷ್ಟೆಂದು ಕೊಡದಿಂದ ಹೇಳಿದಂತೆ.

ನಿಮ್ಮ ಅಂಗಡಿಯಲ್ಲೂ ಹೀಗೇ. 8 ಕಂಟ್ರೋಲರ್ ತರಿಸಿದಿರಿ, ತಿಂಗಳ ಹತ್ತನೆಯ ತಾರೀಖಿಗೆ ಮುಗಿದವು ಎನ್ನಿ. ಖಾತೆ 8 ಎನ್ನುತ್ತದೆ. ಹತ್ತು ದಿನಕ್ಕೆ 8 ಎಂದಮೇಲೆ ತಿಂಗಳಿಗೆ 24 ಎಂದು ಹಾರುವುದೂ ತಪ್ಪು, ಮೊದಲ ವಾರದ ಉಮೇದು ಕೊನೆಯ ವಾರಕ್ಕೆ ಇರುವುದಿಲ್ಲ. ಸತ್ಯ 8 ಮತ್ತು 24ರ ನಡುವೆ ಎಲ್ಲೋ ಇದೆ. ಅದನ್ನು ಹಿಡಿಯಲು ಗಲ್ಲೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ಕು ಸಾಕು: ಕೇಳಿ ಬರಿಗೈಲಿ ಹೋದವರ ಎಣಿಕೆ, ತಾರೀಖಿನ ಸಮೇತ.

ಆದರೆ ಆ ಎಣಿಕೆಗೂ ಒಂದು ಮೋಸವಿದೆ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆಂದು ಗೈಡುಗಳು ತೋರಿಸುತ್ತಾರಲ್ಲ, ಕೊರತೆಯ ಕಾಲದ ಪೇಟೆಯೂ ಅಂಥ ಗುಮ್ಮಟವೇ. ಒಬ್ಬ ಹುಡುಗ ರಸ್ತೆಯ ಐದು ಅಂಗಡಿಯಲ್ಲಿ ಕೇಳುತ್ತಾನೆ. ಐವರೂ ಒಂದೊಂದು ಬರೆದುಕೊಳ್ಳುತ್ತಾರೆ. ಕೇಳಿದ್ದರಲ್ಲಿ ಅರ್ಧವಷ್ಟೇ ಬರುವುದೆಂದು ಒಬ್ಬೊಬ್ಬರೂ ಎರಡೆರಡು ಬೇಡುತ್ತಾರೆ. ಹುಬ್ಬಳ್ಳಿಯ ವಿತರಕನಿಗೆ ಹತ್ತು ಗಿರಾಕಿ ಕಾಣುತ್ತಾರೆ. ಮಾಲು ಸರಾಗವಾದ ದಿನ ಆ ಹುಡುಗ ಒಂದು ಕೊಳ್ಳುತ್ತಾನೆ, ಒಂಬತ್ತು ಕಪಾಟಿನಲ್ಲಿ ಕೂರುತ್ತವೆ.

ಕಂಪನಿ ಕಳಿಸಿದ್ದೆಲ್ಲ ಮಾರಾಟವಾಯಿತು ಎಂಬುದು, ಮಾರಿದ್ದೇ ಬೇಡಿಕೆ ಎಂಬ ನಂಬಿಕೆಯ ತಮ್ಮ. 1982ರ ಕೊನೆಗೆ ಅಟಾರಿ ಕಂಪನಿ ‘ಇ.ಟಿ.’ ಸಿನಿಮಾದ ಹೆಸರಿನ ಆಟವನ್ನು ಲಕ್ಷಗಟ್ಟಲೆ ಅಂಗಡಿಗಳಿಗೆ ತುಂಬಿತು. ಹೋಗದೆ ಉಳಿದ ಮಾಲು ವಾಪಸು ಬಂದು, 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊದ ಕಸದ ಹೊಂಡ ಸೇರಿತು. 2014ರಲ್ಲಿ ಅಗೆದಾಗ ಕಾರ್ಟ್ರಿಜ್‌ಗಳು ಸಿಕ್ಕವು.

‘ಸಣ್ಣ ಊರಿನ ಲೆಕ್ಕ ಸುಲಭ, ಎಲ್ಲಾ ಗಿರಾಕಿ ಗೊತ್ತಿರತಾರ’

ಇದು ತಿರುಗುಮುರುಗು. ಅಮೆರಿಕದ ಇಡೀ ದೇಶದ ಅಂಕಿ ಹೇಳುವುದು ಸ್ಟೇಷನ್ ರಸ್ತೆಯ ಒಂದು ಅಂಗಡಿಯ ಅಂಕಿ ಹೇಳುವುದಕ್ಕಿಂತ ಸುಲಭ. ಲಕ್ಷ ಜನರಲ್ಲಿ ಒಬ್ಬನ ಮನಸ್ಸು ಬದಲಾದದ್ದು ಇನ್ನೊಬ್ಬನಿಂದ ಸರಿಹೋಗುತ್ತದೆ; ನಾಲ್ಕು ಜನರಲ್ಲಿ ಹೋಗುವುದಿಲ್ಲ. ತಿಂಗಳಿಗೆ ಸರಾಸರಿ 4 ಹೋಗುವ ವಸ್ತು ಇದೆ, ಗಿರಾಕಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುತ್ತಾರೆ ಎಂದುಕೊಳ್ಳಿ. ಏನೂ ಕಾರಣವಿಲ್ಲದೆಯೇ ನಾಲ್ಕು ತಿಂಗಳಿಗೊಮ್ಮೆ 2 ಅಥವಾ ಅದಕ್ಕೂ ಕಡಿಮೆ, ಒಂಬತ್ತು ತಿಂಗಳಿಗೊಮ್ಮೆ 7 ಅಥವಾ ಅದಕ್ಕೂ ಹೆಚ್ಚು ಹೋಗುತ್ತವೆ. ಗಣಿತದ ಆಟ ಅದು. 2 ಹೋದ ತಿಂಗಳು ಎದುರಿನ ಅಂಗಡಿಯವನನ್ನು ಬಯ್ಯುವುದು, 7 ಹೋದ ತಿಂಗಳು ಹೊಸ ಬೋರ್ಡಿನ ಕಾಲ್ಗುಣ ಎನ್ನುವುದು ಬೇಡ. ಮೂರು ತಿಂಗಳು ಕೂಡಿಸಿ ನೋಡಿ, ಗದ್ದಲ ತಗ್ಗುತ್ತದೆ.

‘ಅಂಗಡಿ ಲೆಕ್ಕವೇ ಆಟದ ಲೆಕ್ಕ’

ಮೊದಲೂ ಆಗಿರಲಿಲ್ಲ, ಈಗಂತೂ ಇಲ್ಲ. ಗಂಟೆಗಿಷ್ಟು ಎಂದು ರೊಕ್ಕ ಕೊಟ್ಟು ಪ್ಲೇಸ್ಟೇಷನ್ 2 ಆಡಿ ಬೆಳೆದ ಹುಡುಗರಿಗೆ ಗೊತ್ತು, ಮಾರಾಟವಾದದ್ದು ಒಂದೇ ಕನ್ಸೋಲು, ಆಡಿದವರು ಅರ್ಧ ಓಣಿ. ಇಂದು ಡಿಸ್ಕಿಗಿಂತ ಡೌನ್‌ಲೋಡ್ ಹೆಚ್ಚು. ನಮ್ಮಲ್ಲಂತೂ ಬಹುಪಾಲು ಆಟ ಮೊಬೈಲಿನಲ್ಲಿ ಪುಕ್ಕಟೆ ಇಳಿಸಿಕೊಂಡದ್ದು. ಅಂಗಡಿಗೆ ಅದರಿಂದ ಬರುವುದು ಹೊಸ ಫೋನು, ಇಯರ್‌ಫೋನು, ಟ್ರಿಗರ್ ಬಟನ್ನು.

ಕೊನೆಗೆ ಆ ಮಗನ ಮಾತು: ಕಂಪ್ಯೂಟರ್ ಹೇಳತದ. ಕಂಪ್ಯೂಟರ್ ಹೇಳುವುದು ಹಿಂದೆ ನಡೆದದ್ದು ಮುಂದೆಯೂ ನಡೆದರೆ ಏನಾಗಬಹುದೆಂದು. 2020ರ ಸೆಪ್ಟೆಂಬರ್ 2ಕ್ಕೆ ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. 2021ರ ಜುಲೈನಲ್ಲಿ ಅದು ಬಿಜಿಎಂಐ ಎಂಬ ಹೆಸರಲ್ಲಿ ಬಂತು, 2022ರ ಜುಲೈನಲ್ಲಿ ಮಾಯವಾಯಿತು, 2023ರ ಮೇನಲ್ಲಿ ಮರಳಿತು. ಯಾವ ಹಳೆಯ ಅಂಕಿಯಲ್ಲಿ ಇದು ಅಡಗಿತ್ತು? ಕನ್ಸೋಲಿನ ಮೇಲಿನ ಜಿ.ಎಸ್.ಟಿ. 2019ರ ಜನವರಿ 1ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯುತ್ತದೆಂದು ಡಿಸೆಂಬರ್ 22ಕ್ಕೆ ಘೋಷಣೆಯಾದಾಗ, ಉಳಿದ ಒಂಬತ್ತು ದಿನ ಯಾರು ಕೊಳ್ಳುತ್ತಾರೆ ಎಂಬುದಕ್ಕೆ ಕಂಪ್ಯೂಟರ್ ಬೇಕಿರಲಿಲ್ಲ, ಬೆಳಗಿನ ಪೇಪರ್ ಸಾಕಿತ್ತು. ಯಂತ್ರ ಬಳಸಬೇಡಿ ಎನ್ನುತ್ತಿಲ್ಲ. ‘ಹೋದ ವರ್ಷ ಇದೇ ಹಬ್ಬಕ್ಕೆ ಎಷ್ಟು ಹೋದವೋ ಅಷ್ಟೇ’ ಎಂಬ ಅಜ್ಜನ ಅಂದಾಜನ್ನು ಪಕ್ಕದಲ್ಲಿಟ್ಟು, ವರ್ಷದ ಕೊನೆಗೆ ಎರಡನ್ನೂ ಹೋಲಿಸಿ. ಅಜ್ಜನನ್ನು ಸೋಲಿಸಲಾಗದ ಯಂತ್ರಕ್ಕೆ ರೊಕ್ಕ ಕೊಡಬೇಡಿ.

ಅಂದಾಜು ಬರೆದಿಡುವ ಪುಸ್ತಕ ಶುರು ಮಾಡುವವರಿಗೆ 2026 ಒಳ್ಳೆಯ ವರ್ಷ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಲಗ್ನದ ಗಿರಾಕಿ ಇಲ್ಲ. ದೀಪಾವಳಿಯ ಲಕ್ಷ್ಮೀಪೂಜೆ ನವೆಂಬರ್ 8ಕ್ಕೆ ಸರಿದಿದೆ. ಮೊದಲು 2025ಕ್ಕೆ ಎಂದು, ಆಮೇಲೆ 2026ರ ಮೇ 26ಕ್ಕೆ ಎಂದು ಹೇಳಿದ್ದ ‘ಗ್ರ್ಯಾಂಡ್ ಥೆಫ್ಟ್ ಆಟೋ 6’ ಆಟಕ್ಕೆ ಕಂಪನಿ ಈಗ ಕೊಟ್ಟ ತಾರೀಖು ನವೆಂಬರ್ 19. ಮೂರನ್ನೂ ಮೊದಲ ಪುಟದಲ್ಲಿ ಬರೆದಿಡಿ. ಕೊನೆಯದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆಯಿರಿ.