ಮಿನುಗುವ ಕಿರುಕಣಗಳು

ಬ್ಯಾಂಕಿನ ಗುಮಾಸ್ತರು ಸಂಶಯ ಬಂದ ನೋಟನ್ನು ಮಂದವಾದ ನೇರಳೆದೀಪದ ಕೆಳಗೆ ಹಿಡಿಯುವುದನ್ನು ವಾಚಕರು ಕಂಡಿರಬಹುದು. ಹಗಲಿನಲ್ಲಿ ಕಾಣದ ಎಳೆಗಳು ಆಗ ಥಟ್ಟನೆ ಹೊಳೆಯುವುವು. ಕ್ರಮಸಂಖ್ಯೆಯ ಅಂಕಿಗಳೂ ಬೆಳಗುವುವು. ದೀಪದಿಂದ ಬರುವ ಅತಿನೇರಳೆ ಕಿರಣ ಕಣ್ಣಿಗೆ ಕಾಣದು. ನೋಟಿನಿಂದ ಹೊರಡುವ ಬೆಳಕು ಕಾಣುವುದು. ಹೀಗೆ ಒಂದು ಕಿರಣವನ್ನು ಹೀರಿ ಅದಕ್ಕಿಂತ ಕಡಿಮೆ ಶಕ್ತಿಯ ಇನ್ನೊಂದನ್ನು ಹೊರಸೂಸುವ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಅಡಿಗೆಮನೆಯ ಅರಿಸಿನಕ್ಕೂ ಈ ಗುಣವುಂಟು. ಅದನ್ನು ಮದ್ಯಸಾರದಲ್ಲಿ ಕದಡಿ ಅದೇ ದೀಪದ ಕೆಳಗಿಟ್ಟರೆ ಹಸುರು ಬೆರೆತ ಹಳದಿಯಾಗಿ ಹೊಳೆಯುವುದು.

ಅರಿಸಿನದ ಈ ಬಣ್ಣ ಅದರ ಅಣುವಿನ ರಚನೆಯಿಂದ ಬಂದುದು. ಕ್ವಾಂಟಮ್ ಚುಕ್ಕೆಗಳೆಂಬ ಕಣಗಳ ರೀತಿಯೇ ಬೇರೆ. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ನ್ಯಾನೊಮೀಟರು. ಕ್ಯಾಡ್ಮಿಯಮ್ ಸೆಲಿನೈಡಿನ ಕಣವು ಸುಮಾರು 2 ನ್ಯಾನೊಮೀಟರಿನಷ್ಟಿದ್ದರೆ ನೀಲಿ, 6 ನ್ಯಾನೊಮೀಟರಿನಷ್ಟಿದ್ದರೆ ಕೆಂಪು. ಪದಾರ್ಥ ಒಂದೇ, ಬದಲಾದದ್ದು ಗಾತ್ರ. ಸಿತಾರಿನ ತಂತಿಯನ್ನು ಬೆರಳಿನಿಂದ ಒತ್ತಿ ಗಿಡ್ಡಮಾಡಿದಷ್ಟೂ ಸ್ವರವೇರುವಂತೆ, ಎಲೆಕ್ಟ್ರಾನಿಗೆ ಓಡಾಡುವ ಎಡೆ ಕಿರಿದಾದಷ್ಟೂ ಹೊರಸೂಸುವ ಬೆಳಕಿನ ಶಕ್ತಿ ಹೆಚ್ಚುವುದು. ಈ ಕಣಗಳನ್ನು ಕಂಡುಹಿಡಿದು ತಯಾರಿಸುವ ದಾರಿ ತೋರಿದ ಎಕಿಮೋವ್, ಬ್ರೂಸ್, ಬವೆಂಡಿ ಈ ಮೂವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇವುಗಳ ಅಭ್ಯಾಸ ನಡೆದಿದೆ.

ಈ ಕಿರುದೀಪಗಳಿಂದ ವೈದ್ಯರಿಗೇನು ಪ್ರಯೋಜನ? ಒಂದು ಬಗೆಯ ಜೀವಕೋಶವನ್ನಷ್ಟೇ ಹಿಡಿಯುವ ಪ್ರೋಟೀನನ್ನು ಕಣಕ್ಕೆ ಅಂಟಿಸಿದರೆ, ಕಣವು ಆ ಕೋಶವನ್ನೇ ಅರಸಿ ಕೂರುವುದು. ಸೂಕ್ಷ್ಮದರ್ಶಕದಲ್ಲಿ ಅದರ ಇರವು ಬೆಳಗಿ ತೋರುವುದು. 1998ರಲ್ಲಿ ಎರಡು ಸಂಶೋಧಕ ತಂಡಗಳು ಇದನ್ನು ಮಾಡಿ ತೋರಿಸಿದುವು. ಸಾಮಾನ್ಯ ಬಣ್ಣಗಳು ಬೇಗನೆ ಮಾಸುವುವು, ಇವು ಬಹುಕಾಲ ಬಾಳುವುವು. ಆದರೆ ಎರಡು ತೊಡಕುಗಳುಂಟು. ಕ್ಯಾಡ್ಮಿಯಮ್ ವಿಷ, ಕಣ ಒಡೆದರೆ ಅದು ದೇಹಕ್ಕಿಳಿಯುವ ಭಯವಿದೆ. ಮತ್ತೆ, ಮಾಂಸದ ಮೂಲಕ ಬೆಳಕು ದೂರ ಸಾಗದು. ಬ್ಯಾಟರಿಯ ಬೆಳಕಿಗೆ ಅಂಗೈ ಮುಚ್ಚಿದರೆ ಕೆಂಪು ಮಾತ್ರ ಹೊರಬರುವುದಷ್ಟೆ? ಆದುದರಿಂದ ಆಳವನ್ನು ನೋಡಲು ಕೆಂಪಿಗೂ ಆಚೆಯ ಕಿರಣ ಸೂಸುವ ಕಣಗಳನ್ನು ಬಳಸುವರು.

ವಿಷದ ತೊಡಕಿಗೆ ಇಂಗಾಲದ ಚುಕ್ಕೆಗಳು ಒಂದು ಪರಿಹಾರವೆನಿಸಿವೆ. 2004ರಲ್ಲಿ ಆಕಸ್ಮಿಕವಾಗಿ ದೊರೆತ ಇವನ್ನು ಈಗ ಹಾಲು, ಹಣ್ಣಿನ ರಸಗಳಿಂದಲೂ ತಯಾರಿಸುವರು. ನಮ್ಮ ಹಾನಗಲ್ಲಿನ ತೋಪುಗಳ ಮಾವೂ ಇದಕ್ಕೆ ಹೊರತಲ್ಲ. ಇವುಗಳಲ್ಲಿ ಕೆಲವು ಪಾದರಸದ ಅಥವಾ ಕಬ್ಬಿಣದ ಅಯಾನು ಬಳಿಗೆ ಬಂದೊಡನೆ ಮಂಕಾಗುವುವು. ಕಣವು ಹೀರಿದ ಶಕ್ತಿಯಿಂದ ಮೇಲೆದ್ದ ಎಲೆಕ್ಟ್ರಾನು ಬೆಳಕು ಚೆಲ್ಲುವ ಮೊದಲೇ ಅಯಾನಿಗೆ ಸೆಳೆದುಹೋಗುವುದೇ ಇದಕ್ಕೊಂದು ಕಾರಣ. ಎಷ್ಟು ಮಂಕಾಯಿತೆಂಬುದರಿಂದ ನೀರಿನಲ್ಲಿ ಲೋಹವೆಷ್ಟಿದೆಯೆಂದು ಲೆಕ್ಕಹಾಕಬಹುದು.

ಇಲ್ಲಿ ಎಚ್ಚರ ಬೇಕು. ನೀರು ರಾಡಿಯಾದರೂ, ಬೇರೊಂದು ಲೋಹ ಸೇರಿದ್ದರೂ ಬೆಳಕು ಕುಂದೀತು. ದೀಪವಾರಿತೆಂದು ತಿಳಿದರೆ ಸಾಲದು, ಆರಿಸಿದವರಾರೆಂಬುದೂ ತಿಳಿಯಬೇಕು. ಪ್ರಯೋಗಶಾಲೆಯ ಶುದ್ಧಜಲದಲ್ಲಿ ಗೆದ್ದ ವಿಧಾನ ಹಳ್ಳಿಯ ಬಾವಿಯ ನೀರಿನಲ್ಲಿಯೂ ಗೆಲ್ಲಬೇಕು. ಅಂದೇ ನಾವು ಅದನ್ನು ನಂಬಿ ಆ ನೀರನ್ನು ಮಕ್ಕಳಿಗೆ ಕುಡಿಸಬಹುದು.