ಹದಿನಾರು ಬೈಟಿಗೆ ಎರಡು ಹೆಸರು

ಯುಯುಐಡಿ ಎಂಬುದು 128 ಬಿಟ್‌ಗಳ, ಅಂದರೆ 16 ಬೈಟುಗಳ ಗುರುತಿನ ಸಂಖ್ಯೆ. ಯಾವ ಕೇಂದ್ರ ಕಚೇರಿಯ ಅಪ್ಪಣೆಯೂ ಇಲ್ಲದೆ, ಎಲ್ಲಿಯೂ ನೋಂದಾಯಿಸದೆ ಯಾವ ಕಂಪ್ಯೂಟರಾದರೂ ಇಂಥದೊಂದನ್ನು ತಾನೇ ಹುಟ್ಟಿಸಿಕೊಳ್ಳಬಹುದು. ಅದೇ ಸಂಖ್ಯೆ ಇನ್ನೊಂದು ಕಡೆ ಹುಟ್ಟುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಹೆಚ್ಚು ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯಲ್ಲಿ 6 ಬಿಟ್‌ಗಳು ಆವೃತ್ತಿ, ಪ್ರಭೇದಗಳನ್ನು ಸೂಚಿಸಲು ಮೀಸಲು. ಉಳಿದ 122 ಬಿಟ್‌ಗಳೂ ಯಾದೃಚ್ಛಿಕ. 1980ರ ದಶಕದಲ್ಲಿ ಅಪೊಲೊ ಕಂಪ್ಯೂಟರ್ ಕಂಪನಿಯಲ್ಲಿ ಬೇರುಬಿಟ್ಟ ಈ ಕಲ್ಪನೆಗೆ 2005ರಲ್ಲಿ ಆರ್‌ಎಫ್‌ಸಿ 4122 ಎಂಬ ದಾಖಲೆ ಅಂತರಜಾಲ ಮಾನಕದ ರೂಪ ಕೊಟ್ಟಿತು. 2024ರಲ್ಲಿ ಅದರ ಜಾಗಕ್ಕೆ ಆರ್‌ಎಫ್‌ಸಿ 9562 ಬಂದಿದೆ. ಮೈಕ್ರೋಸಾಫ್ಟ್ ಬಳಗದಲ್ಲಿ ಇದರ ಹೆಸರು ಜಿಯುಐಡಿ.

ಲಿನಕ್ಸ್ ಕಂಪ್ಯೂಟರಿನಲ್ಲಿ ಇದರ ಉಪಯೋಗ ಡಿಸ್ಕುಗಳ ವಿಷಯದಲ್ಲಿ ಎದ್ದುಕಾಣುತ್ತದೆ. ಇಂದು ಎಸ್‌ಡಿಎ ಎಂದು ಹೆಸರಾದ ಡಿಸ್ಕು, ಇನ್ನೊಂದು ಡಿಸ್ಕು ಸೇರಿದ ಮೇಲೆ ನಾಳೆ ಎಸ್‌ಡಿಬಿ ಆಗಬಹುದು. ಆದ್ದರಿಂದ ಯಾವ ಕಡತ ವ್ಯವಸ್ಥೆಯನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಹೆಸರಿನ ಬದಲು ಯುಯುಐಡಿ ನಮೂದಿಸುವುದು ರೂಢಿ. ಡಿಸ್ಕಿನ ವಿಭಾಗಗಳು, ಗಣಕ ಶುರುವಾಗುವಾಗ ಓಡುವ ಫರ್ಮ್‌ವೇರ್, ಯಂತ್ರಾಂಶದ ವಿವರ ಕೊಡುವ ಎಸಿಪಿಐ ಕೋಷ್ಟಕಗಳು, ಹೀಗೆ ಲಿನಕ್ಸ್‌ನ ತಿರುಳಾದ ಕರ್ನಲ್ ಮುಟ್ಟುವ ಹತ್ತಾರು ಕಡೆ ಇದೇ ಹದಿನಾರು ಬೈಟುಗಳು ಎದುರಾಗುತ್ತವೆ.

ತೊಡಕಿರುವುದು ಬೈಟುಗಳನ್ನು ಇಡುವ ಕ್ರಮದಲ್ಲಿ. ಕಾಗದದ ಮೇಲೆ ಯುಯುಐಡಿಯನ್ನು 32 ಹೆಕ್ಸ್ ಅಂಕಿಗಳಾಗಿ, ನಡುವೆ ನಾಲ್ಕು ಅಡ್ಡಗೆರೆ ಹಾಕಿ, ಐದು ಗುಂಪುಗಳಲ್ಲಿ ಬರೆಯುತ್ತಾರೆ. ಆರ್‌ಎಫ್‌ಸಿ ಹೇಳುವಂತೆ ಬರೆದ ಕ್ರಮದಲ್ಲೇ ಬೈಟುಗಳನ್ನೂ ಇಡಬೇಕು. ಇಂಟೆಲ್ ಪ್ರೊಸೆಸರುಗಳ ಸುತ್ತ ಬೆಳೆದ ಮೈಕ್ರೋಸಾಫ್ಟ್ ಮತ್ತು ಇಎಫ್‌ಐ ಫರ್ಮ್‌ವೇರ್ ಪದ್ಧತಿಯಲ್ಲಿ ಮಾತ್ರ ಮೊದಲ ಮೂರು ಗುಂಪುಗಳೊಳಗಿನ ಬೈಟುಗಳು ತಿರುವುಮುರುವು. ಕೊನೆಯ ಎಂಟು ಬೈಟುಗಳು ಇದ್ದ ಹಾಗೇ. ಲಿನಕ್ಸ್ ದತ್ತಾಂಶ ಇರುವ ಡಿಸ್ಕ್ ವಿಭಾಗವನ್ನು ಗುರುತಿಸಲು ನಿಗದಿಯಾದ ಜಿಯುಐಡಿಯ ಎರಡನೆಯ ಮತ್ತು ಮೂರನೆಯ ಗುಂಪುಗಳನ್ನೇ ನೋಡಿ: ಬರೆಯುವುದು 8483-4772, ಡಿಸ್ಕಿನ ಮೇಲೆ ಕೂತಿರುವುದು 83, 84, 72, 47 ಎಂಬ ಬೈಟುಗಳಾಗಿ. ಕ್ರಮ ತಿಳಿಯದವನು ಇದನ್ನು 8384-7247 ಎಂದು ಓದಿದರೆ ಅದು ಬೇರೆಯೇ ಗುರುತು. ಅಂಕಿಗಳನ್ನು ಪದಗಳಿಂದ ಸೂಚಿಸುವ ಭೂತಸಂಖ್ಯೆಯನ್ನು ಬಲ್ಲವರಿಗೆ ಈ ಪೇಚು ಹೊಸದಲ್ಲ. ಅಲ್ಲಿ ‘ನೇತ್ರ-ವೇದ’ ಎಂದರೆ 24 ಅಲ್ಲ, 42. ಏಕಸ್ಥಾನದ ಅಂಕಿಯೇ ಮೊದಲು ಬರುತ್ತದೆ. ಪದ್ಧತಿ ಯಾವುದೆಂದು ಮೊದಲೇ ಗೊತ್ತಿರಬೇಕು, ಅಂಕಿಗಳನ್ನು ಎಷ್ಟು ದಿಟ್ಟಿಸಿದರೂ ಅವು ಅದನ್ನು ಹೇಳುವುದಿಲ್ಲ.

ಕರ್ನಲ್‌ನ ಒಂದೊಂದು ವಿಭಾಗವೂ ಹಿಂದೆ ಇದನ್ನು ತನಗೆ ತೋಚಿದಂತೆ ನಿಭಾಯಿಸುತ್ತಿತ್ತು. ಕೆಲವು ಕಡೆ ಬರಿಯ 16 ಬೈಟುಗಳ ಸಾಲು, ಕೆಲವು ಕಡೆ ಸ್ವಂತ ಟೈಪು. 2010ರಲ್ಲಿ ಎಲ್ಲರಿಗೂ ಸಲ್ಲುವಂತೆ ಎರಡು ಟೈಪುಗಳು ಬಂದವು: ಬರೆದ ಕ್ರಮದಲ್ಲೇ ಇಡುವುದಕ್ಕೆ ಯುಯುಐಡಿ-ಬಿಇ, ತಿರುಗಿಸಿ ಇಡುವುದಕ್ಕೆ ಯುಯುಐಡಿ-ಎಲ್‌ಇ. ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂಬುದರ ಮೊದಲಕ್ಷರಗಳವು. ಹೆಜ್ಜೆ ಸರಿಯಾದ ದಿಕ್ಕಿನದೇ. ಆದರೆ ಅರ್ಧ ಮಾತ್ರ ತಿರುಗಿದ ಸಂಖ್ಯೆಗೆ ಲಿಟಲ್ ಎಂಡಿಯನ್ ಎಂಬ ಹೆಸರು ಪೂರ್ತಿ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಡತ ವ್ಯವಸ್ಥೆಯ ಕೋಡ್ ಬರೆಯುವವರಿಗೆ ಎರಡರಲ್ಲಿ ತಮಗೆ ಬೇಕಾದದ್ದು ಯಾವುದೆಂಬುದು ಹೆಸರಿನಿಂದ ಹೊಳೆಯುತ್ತಿರಲಿಲ್ಲ.

2017ರಲ್ಲಿ, ಕರ್ನಲ್‌ನ 4.13ನೆಯ ಆವೃತ್ತಿಯ ಹೊತ್ತಿಗೆ, ಕರ್ನಲ್ ಡೆವಲಪರ್ ಕ್ರಿಸ್ಟೋಫ್ ಹೆಲ್‌ವಿಗ್ ಮುಂದಾಗಿ ಈ ಹೆಸರುಗಳನ್ನು ಬದಲಿಸಿದರು. ಬಿಇ ಟೈಪು ಯುಯುಐಡಿ-ಟಿ ಆಯಿತು, ಎಲ್‌ಇ ಟೈಪು ಜಿಯುಐಡಿ-ಟಿ ಆಯಿತು. ಮೈಕ್ರೋಸಾಫ್ಟ್, ಇಎಫ್‌ಐ ಮೂಲದ ದತ್ತಾಂಶಕ್ಕೆ ಜಿಯುಐಡಿ, ಉಳಿದುದಕ್ಕೆ ಯುಯುಐಡಿ. ಆ ಕ್ಷೇತ್ರಗಳಲ್ಲಿ ದುಡಿಯುವವರು ದಿನವೂ ಆಡುವ ಹೆಸರುಗಳೇ ಇವು; ಹೊಸ ಹೆಸರುಗಳು ಬೇರೂರಲು ಇದೇ ಕಾರಣ ಎನ್ನಬೇಕು.

ಎರಡರ ಒಡಲಲ್ಲೂ ಇರುವುದು ಅದೇ 16 ಬೈಟುಗಳು. ಆದರೂ ಎರಡನ್ನೂ ಬೇರೆ ಬೇರೆ ಸ್ಟ್ರಕ್ಚರುಗಳಾಗಿ ಘೋಷಿಸಿರುವುದರಿಂದ, ಒಂದರ ಜಾಗಕ್ಕೆ ಇನ್ನೊಂದನ್ನು ಕೊಟ್ಟರೆ ಸಿ ಕಂಪೈಲರ್ ಅಲ್ಲೇ ತಡೆಯುತ್ತದೆ. ಬರಿಯ ಬೈಟುಗಳ ಸಾಲಾಗಿದ್ದರೆ ತಪ್ಪು ಸದ್ದಿಲ್ಲದೆ ನುಸುಳುತ್ತಿತ್ತು. ಹೋಲಿಸುವ ಕೆಲಸವೂ ಹಸನಾಯಿತು. ಹಿಂದೆ ಮೆಮ್‌ಸಿಎಮ್‌ಪಿ ಎಂಬ ಫಂಕ್ಷನ್ ಬಳಸುತ್ತಿದ್ದರು. ಎರಡೂ ಸಮವಾಗಿದ್ದರೆ ಅದು ಸೊನ್ನೆ ಕೊಡುತ್ತದೆ. ಸಿ ಭಾಷೆಯಲ್ಲಿ ಸೊನ್ನೆ ಎಂದರೆ ‘ಸುಳ್ಳು’. ಅವಸರದಲ್ಲಿ ಓದುವವರನ್ನು ಎಡವಿಸಲು ಇಷ್ಟು ಸಾಕು. ಈಗಿನ ಯುಯುಐಡಿ-ಈಕ್ವಲ್ ಸಮವಾಗಿದ್ದರೆ ‘ನಿಜ’ ಎಂದೇ ಹೇಳುತ್ತದೆ. ನಕಲು ಮಾಡಲು, ಎಲ್ಲವೂ ಸೊನ್ನೆಯೇ ಎಂದು ಪರೀಕ್ಷಿಸಲು, ಬರಹದಿಂದ ಬೈಟುಗಳಿಗೆ ತಿರುಗಿಸಲು ಸಹ ಇಂಥವೇ ಫಂಕ್ಷನ್‌ಗಳಿವೆ.

ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಗೆ ಇದರ ಸಂಬಂಧ ಹತ್ತಿರದ್ದು. ಒಂದು ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿ ಎರಡನ್ನೂ ಒಂದೇ ಯಂತ್ರದಲ್ಲಿ ಮೌಂಟ್ ಮಾಡಹೊರಟರೆ, ವಿಶೇಷ ಸೂಚನೆ ಕೊಡದ ಹೊರತು, ಎರಡನೆಯದನ್ನು ಅದು ಒಪ್ಪುವುದಿಲ್ಲ. ಒಂದೇ ಯುಯುಐಡಿ ಎರಡು ಕಡೆ ಕಂಡಿತಲ್ಲ! ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಐರಿಕ್ಸ್ ಕಾಲದಿಂದ ಬಂದ ಎಕ್ಸ್‌ಎಫ್‌ಎಸ್ ಬಳಿ ಯುಯುಐಡಿ-ಟಿ ಎಂಬ ಇದೇ ಹೆಸರಿನ ತನ್ನದೇ ಟೈಪು ಇತ್ತು. 2017ರ ಬದಲಾವಣೆಯಲ್ಲಿ ಅದನ್ನು ಕೈಬಿಟ್ಟು ಎಲ್ಲರ ಟೈಪಿಗೆ ಸೇರಿಕೊಂಡಿತು. ಎಎಫ್‌ಎಸ್ ಎಂಬ ಇನ್ನೊಂದು ಕಡತ ವ್ಯವಸ್ಥೆಯ ಕಥೆ ಹಾಗಲ್ಲ. ಅದಕ್ಕೆ ಯುಯುಐಡಿಯ ಒಳಗಿನ ಕಾಲ ಮುಂತಾದ ಅಂಶಗಳನ್ನು ಬಿಡಿಸಿ ನೋಡುವ ಅಗತ್ಯವಿದ್ದುದರಿಂದ ಅದರ ಸ್ಟ್ರಕ್ಚರನ್ನು ಅದರ ಬಳಿಯೇ ಬಿಡಲಾಯಿತು.

ಹಳೆಯ ಯುಯುಐಡಿ-ಎಲ್‌ಇ ಹೆಸರು ಪೂರ್ತಿ ಅಳಿಸಿಹೋಗಲಿಲ್ಲ. ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ ಜೊತೆ ಮಾತಾಡುವ ಎಂಇಐ ಡ್ರೈವರ್ ಹೊರಗಿನ ಪ್ರೋಗ್ರಾಮುಗಳಿಗೆ ಕೊಟ್ಟಿರುವ ಹೆಡರ್ ಕಡತದಲ್ಲಿ ಆ ಹೆಸರೇ ಇದೆ. ಕರ್ನಲ್ ಒಳಗೆ ಏನು ಬದಲಾದರೂ ಹೊರಗಿನ ಪ್ರೋಗ್ರಾಮುಗಳು ಕೆಡಬಾರದು ಎಂಬುದು ಲಿನಕ್ಸ್‌ನಲ್ಲಿ ಮೀರಬಾರದ ಕಟ್ಟಳೆ. ಹಾಗಾಗಿ ಆ ಒಂದು ಮೂಲೆಯಲ್ಲಿ ಹೆಸರು ಹಾಗೇ ಉಳಿದಿದೆ.